ಗವಿಪುರದ ಬಿಸಿಲು, ಮಕ್ಕಾದ ನೆರಳು

ಊರಿಂದ ಬಂದು ಬೆಂಗಳೂರಲ್ಲಿ ನೆಲೆಸಿದ ಬ್ಯಾರಿ ಮನೆಗಳಲ್ಲಿ ಒಂದು ವಸ್ತು ತಪ್ಪದೆ ಕಾಣಸಿಗುತ್ತದೆ. ಅಡುಗೆಮನೆಯ ಗೋಡೆಗೆ ಊರಿನ ಕ್ಯಾಲೆಂಡರ್. ಮಂಗಳೂರಿನಿಂದ ಬರುವ ನೆಂಟರೇ ಒಣಮೀನಿನ ಜೊತೆ ಅದನ್ನೂ ತಂದುಕೊಡುತ್ತಾರೆ. ಅದರಲ್ಲಿ ನಮಾಝಿನ ಸಮಯ, ಸಹರಿ ಮುಗಿಯುವ ಸಮಯ, ಇಫ್ತಾರಿನ ಸಮಯ ಎಲ್ಲವೂ ಇರುತ್ತದೆ. ಚಾಮರಾಜಪೇಟೆಯ ಬಾಡಿಗೆ ಮನೆಯಲ್ಲಿ ಕೂತು ಅದನ್ನೇ ನೋಡಿ ಸಹರಿ ಮುಗಿಸುವವರೂ ಇದ್ದಾರೆ. ಇದು ಸಣ್ಣ ವಿಷಯವಲ್ಲ ಅಂತ ನಾವು ಹೇಳಬೇಕಾಗಿದೆ.

ಲೆಕ್ಕ ಸರಳ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಒಂದು ಡಿಗ್ರಿಗೆ 4 ನಿಮಿಷ. ಮಂಗಳೂರು ಇರುವುದು ಸುಮಾರು 74.85 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಬೆಂಗಳೂರು 77.6 ಡಿಗ್ರಿಯಲ್ಲಿ. ನಡುವಿನ ಅಂತರ ಎರಡೂ ಮುಕ್ಕಾಲು ಡಿಗ್ರಿ, ಅಂದರೆ 11 ನಿಮಿಷ. ನಮ್ಮ ಕೈಗಡಿಯಾರ ಎರಡೂ ಊರಲ್ಲಿ ಒಂದೇ ಹೊತ್ತು ತೋರಿಸುತ್ತದೆ, ಆದರೆ ಸೂರ್ಯ ಕೈಗಡಿಯಾರ ನೋಡಿ ಹುಟ್ಟುವುದಿಲ್ಲ. ಬೆಂಗಳೂರಲ್ಲಿ ಬೆಳಗಾಗಿ 11 ನಿಮಿಷ ಆದ ಮೇಲೆ ಮಂಗಳೂರಲ್ಲಿ ಬೆಳಗಾಗುತ್ತದೆ. ಊರಿನ ಕ್ಯಾಲೆಂಡರ್ ಹಿಡಿದು ಇಲ್ಲಿ ನೋಂಬು ತೆರೆದರೆ 11 ನಿಮಿಷ ತಡ, ಅದು ಹೇಗೋ ಆದೀತು. ಆದರೆ ಅದನ್ನೇ ನೋಡಿ ಸಹರಿಯ ಕೊನೆಯ ಲೋಟ ನೀರು ಕುಡಿದರೆ? ಇಲ್ಲಿ ಸುಬ್‌ಹಿ ಆಗಿ 11 ನಿಮಿಷ ಕಳೆದಿರುತ್ತದೆ. ಕ್ಯಾಲೆಂಡರಿನವರು ಮುನ್ನೆಚ್ಚರಿಕೆಗೆ ಎರಡು ಮೂರು ನಿಮಿಷ ಬಿಟ್ಟಿದ್ದರೂ ಅದು ಸಾಲದು. ಕ್ಯಾಲೆಂಡರ್ ಗೋಡೆಯಲ್ಲೇ ಇರಲಿ, ಊರಿನ ನೆನಪಿಗೆ ಬೇಕು. ಸಮಯ ಮಾತ್ರ 11 ನಿಮಿಷ ಕಳೆದು ಓದಿ, ಇಲ್ಲವೇ ಇಲ್ಲಿನ ಮಸೀದಿಯ ಪಟ್ಟಿ ಇಟ್ಟುಕೊಳ್ಳಿ.

ಮಂಗಳೂರು ಮತ್ತು ಬೆಂಗಳೂರು ಪೂರ್ವ ಪಶ್ಚಿಮದಲ್ಲಿ ದೂರ ಇದ್ದರೂ ಉತ್ತರ ದಕ್ಷಿಣದಲ್ಲಿ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲಿವೆ, ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರಕ್ಕೆ. ಹಾಗಾಗಿ ವರ್ಷದಲ್ಲಿ ಎರಡು ಸಲ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ನಡುಮಧ್ಯಾಹ್ನ ಎರಡೂ ಊರಲ್ಲಿ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಅಂತ ಶಾಲೆಗಳಲ್ಲಿ ಈಗ ಇದನ್ನು ಮಾಡಿ ತೋರಿಸುತ್ತಾರೆ. ಮದ್ರಸದ ಮಕ್ಕಳಿಗೂ ಇದು ಬೇಕು, ಯಾಕೆಂದರೆ ಅಸರ್ ನಮಾಝಿನ ಸಮಯ ನಿಂತಿರುವುದೇ ನೆರಳಿನ ಮೇಲೆ. ಮಧ್ಯಾಹ್ನದ ನೆರಳನ್ನು ಬಿಟ್ಟು, ವಸ್ತುವಿನ ನೆರಳು ಅದರ ಉದ್ದದಷ್ಟೇ ಆದಾಗ ನಮ್ಮ ಶಾಫಿಈ ಮದ್ಹಬಿನಲ್ಲಿ ಅಸರ್ ಆಯಿತು. ಹನಫಿಗಳಲ್ಲಿ ಅದು ಎರಡು ಪಟ್ಟು ಆಗಬೇಕು. ಬೆಂಗಳೂರಿನ ಹಲವು ಮಸೀದಿಗಳಲ್ಲಿ ಅಸರ್ ಬಾಂಗ್ ಊರಿಗಿಂತ ತಡವಾಗಿ ಕೇಳುವುದಕ್ಕೆ ಇದೇ ಕಾರಣ. ‘ಇಲ್ಲಿನವರು ಯಾಕೆ ಇಷ್ಟು ತಡ ಮಾಡ್ತಾರೆ’ ಅಂತ ಹೊಸದಾಗಿ ಬಂದವರು ಕೇಳುವುದುಂಟು. ಯಾರೂ ತಡ ಮಾಡುತ್ತಿಲ್ಲ. ಅದೇ ಸೂರ್ಯ, ಅದೇ ಕೋಲು, ಅಳತೆ ಮಾತ್ರ ಬೇರೆ.

ಈಗ ಚಾಮರಾಜಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಬಸವನಗುಡಿಯ ಪಕ್ಕದ ಗವಿಪುರಕ್ಕೆ ಬರೋಣ. ಅಲ್ಲಿ ಬಂಡೆ ಕೊರೆದ ಗವಿ ಗಂಗಾಧರೇಶ್ವರ ದೇವಸ್ಥಾನ ಇದೆ. 16ನೇ ಶತಮಾನದ ಕೆಂಪೇಗೌಡರ ಹೆಸರಿನೊಂದಿಗೆ ಅದನ್ನು ಸೇರಿಸಿ ಹೇಳುತ್ತಾರೆ. ಅಂಗಳದಲ್ಲಿ ಕಲ್ಲಿನ ಎರಡು ದೊಡ್ಡ ತಟ್ಟೆಗಳು ಕಂಬದ ಮೇಲೆ ನಿಂತಿವೆ, ಸೂರ್ಯಪಾನ ಮತ್ತು ಚಂದ್ರಪಾನ. ಪ್ರತಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವಿನಿಂದ ಗವಿಯ ಒಳಗೆ ಹೋಗಿ ಲಿಂಗದ ಮೇಲೆ ಬೀಳುತ್ತದೆ ಎಂಬುದು ಪ್ರತಿವರ್ಷ ಪತ್ರಿಕೆಯಲ್ಲಿ ಬರುವ ಸುದ್ದಿ. ಅದು ಅವರ ಆರಾಧನೆಯ ಸ್ಥಳ. ಅದರ ಬಗ್ಗೆ ನಾವು ಮಾತಾಡುತ್ತಿಲ್ಲ. ಆ ಬೆಳಕಿನ ಹಿಂದೆ ಇರುವ ಲೆಕ್ಕ ಎಲ್ಲರದ್ದು, ನಾವು ಹೇಳಹೊರಟಿರುವುದು ಅದನ್ನು.

ನೆಹರೂ ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಈ ಬೆಳಕನ್ನು ಅಳೆದು ನೋಡಿ 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. 1792ರಲ್ಲಿ ಇಲ್ಲಿಗೆ ಬಂದಿದ್ದ ಇಂಗ್ಲಿಷ್ ಚಿತ್ರಕಾರರಾದ ಡೇನಿಯಲ್ ಬಂಧುಗಳು ಬಿಡಿಸಿದ ಚಿತ್ರಗಳನ್ನೂ ಇಟ್ಟು ಹೋಲಿಸಿದರು. ಆಗ ಅಲ್ಲಿ ಈಗಿನಷ್ಟು ಕಟ್ಟಡ ಇರಲಿಲ್ಲ. ಅವರ ಬರಹದಲ್ಲಿ ನಮಗೆ ಹಿಡಿಸಿದ ಮಾತು ಇನ್ನೊಂದಿದೆ. ಈ ಬೆಳಕು ವರ್ಷಕ್ಕೆ ಒಂದೇ ಸಲ ಅಲ್ಲ, ಎರಡು ಸಲ ಒಳಗೆ ಬರುತ್ತದೆ. ಜನವರಿ 13ರಿಂದ 16ರವರೆಗೆ ಒಮ್ಮೆ, ನವೆಂಬರ್ 26ರಿಂದ ಡಿಸೆಂಬರ್ 2ರವರೆಗೆ ಇನ್ನೊಮ್ಮೆ. ಎರಡನೆಯದಕ್ಕೆ ಜಾತ್ರೆ ಇಲ್ಲ, ಕ್ಯಾಮೆರಾ ಇಲ್ಲ, ಹಾಗಾಗಿ ಯಾರಿಗೂ ಗೊತ್ತಿಲ್ಲ ಅಷ್ಟೆ.

ಎರಡು ಸಲ ಯಾಕೆ? ಡಿಸೆಂಬರ್ 21-22ಕ್ಕೆ ಸೂರ್ಯ ದಕ್ಷಿಣದ ಕೊನೆ ಮುಟ್ಟಿ ಹಿಂದೆ ತಿರುಗುತ್ತಾನೆ. ಹೋಗುವಾಗ ದಾಟಿದ ದಾರಿಯನ್ನೇ ಬರುವಾಗಲೂ ದಾಟಬೇಕು. ಡಿಸೆಂಬರ್ 21ಕ್ಕೆ 24 ದಿನ ಮೊದಲು ಎಣಿಸಿದರೆ ನವೆಂಬರ್ 27, 24 ದಿನ ನಂತರ ಎಣಿಸಿದರೆ ಜನವರಿ 14. ಎರಡೂ ದಿನ ಸೂರ್ಯ ಆಕಾಶದಲ್ಲಿ ಒಂದೇ ದಾರಿಯಲ್ಲಿ ಹೋಗುತ್ತಾನೆ, ಒಂದೇ ಜಾಗದಲ್ಲಿ ಮುಳುಗುತ್ತಾನೆ.

ಇದೇ ಲೆಕ್ಕವನ್ನು ಜೂನ್ ತಿಂಗಳಿಗೆ ಹಾಕಿ ನೋಡಿ. ಜೂನ್ 21ಕ್ಕೆ ಸೂರ್ಯ ಉತ್ತರದ ಕೊನೆ ಮುಟ್ಟುತ್ತಾನೆ. ಅದಕ್ಕೆ 24 ದಿನ ಮೊದಲು ಮೇ 28, ಸುಮಾರು 24 ದಿನ ನಂತರ ಜುಲೈ 15-16. ಈ ಎರಡು ದಿನ ಏನಾಗುತ್ತದೆ ಗೊತ್ತಾ? ಮಕ್ಕಾದಲ್ಲಿ ನಡುಹಗಲಿಗೆ ಸೂರ್ಯ ಸರಿಯಾಗಿ ಕಅಬಾದ ನೆತ್ತಿಯ ಮೇಲೆ ಬರುತ್ತಾನೆ. ಕಅಬಾಕ್ಕೆ ಆಗ ನೆರಳು ಇಲ್ಲ. ಮಕ್ಕಾ ಇರುವುದು ಭೂಮಧ್ಯರೇಖೆಯಿಂದ 21.4 ಡಿಗ್ರಿ ಉತ್ತರಕ್ಕೆ. ಸಂಕ್ರಾಂತಿಯ ದಿನ ಗವಿಪುರಕ್ಕೆ ಬೆಳಕು ಬೀಳಿಸುವ ಸೂರ್ಯ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ದಕ್ಷಿಣದಲ್ಲಿರುತ್ತಾನೆ. ಯಾರೂ ಯೋಜನೆ ಮಾಡಿ ಕಟ್ಟಿದ್ದಲ್ಲ ಇದು. ಆದರೂ ಈ ಎರಡು ದಿನಾಂಕಗಳನ್ನು ಒಂದರ ಕೆಳಗೆ ಒಂದು ಬರೆದಾಗ ಮಕ್ಕಳ ಮುಖ ನೋಡಬೇಕು.

ಮೇ 28ರ ಆ ಹೊತ್ತು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 2 ಗಂಟೆ 48 ನಿಮಿಷ. ಜುಲೈ 16ಕ್ಕೆ 2 ಗಂಟೆ 57 ನಿಮಿಷ. (ಅಧಿಕ ವರ್ಷದಲ್ಲಿ ಒಂದು ದಿನ ಮುಂಚೆ.) ಆಗ ಸೂರ್ಯ ಇರುವ ದಿಕ್ಕೇ ಕಿಬ್ಲಾ. ಬೆಂಗಳೂರಲ್ಲಿರಲಿ, ಉಳ್ಳಾಲದಲ್ಲಿರಲಿ, ದುಬೈಯಲ್ಲಿರಲಿ, ಬಿಸಿಲು ಕಾಣುವ ಎಲ್ಲ ಕಡೆಯೂ ಇದು ನಿಜ. ತಾರಸಿಯಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಅಥವಾ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. 2.48ಕ್ಕೆ ಬೀಳುವ ನೆರಳಿನ ಮೇಲೆ ಚಾಕ್‌ನಲ್ಲಿ ಗೆರೆ ಎಳೆಯಿರಿ. ನೆರಳಿನ ತುದಿಯಿಂದ ಕೋಲಿನ ಬುಡದ ಕಡೆಗೆ ನೋಡಿದರೆ ಅದು ಮಕ್ಕಾದ ದಿಕ್ಕು. ಬೆಂಗಳೂರಲ್ಲಿ ಒಂದು ಮೀಟರ್ ಕೋಲಿಗೆ ಆಗ ಸುಮಾರು ಮುಕ್ಕಾಲು ಮೀಟರ್ ನೆರಳು ಬೀಳಬೇಕು. ಅದಕ್ಕಿಂತ ತುಂಬಾ ವ್ಯತ್ಯಾಸ ಇದ್ದರೆ ಕೋಲು ಓರೆಯಾಗಿದೆ ಅಂತ ಅರ್ಥ. ಒಂದೆರಡು ದಿನ ಆಚೀಚೆ ಆದರೂ ದೊಡ್ಡ ತಪ್ಪೇನೂ ಬರುವುದಿಲ್ಲ. ಜುಲೈಯಲ್ಲಿ ನಮ್ಮ ಕರಾವಳಿಯಲ್ಲಿ ಬಿಸಿಲು ಎಲ್ಲಿಂದ ಬರಬೇಕು, ಮೇ ತಿಂಗಳೇ ವಾಸಿ.

ಇದನ್ನು ಇಷ್ಟು ಹೇಳಲು ಕಾರಣ ಇದೆ. ‘ಪಶ್ಚಿಮಕ್ಕೆ ತಿರುಗಿದರಾಯ್ತು’, ‘ಸೂರ್ಯ ಮುಳುಗುವ ಕಡೆ ಕಿಬ್ಲಾ’ ಅಂತ ಹೇಳುವವರು ಈಗಲೂ ಇದ್ದಾರೆ. ಬೆಂಗಳೂರಿನಿಂದ ಕಿಬ್ಲಾ ನೇರ ಪಶ್ಚಿಮ ಅಲ್ಲ, ಅದರಿಂದ ಸುಮಾರು 18 ಡಿಗ್ರಿ ಉತ್ತರಕ್ಕೆ. ಮಂಗಳೂರಿನಿಂದ ಸುಮಾರು 19. ಸೂರ್ಯ ಮುಳುಗುವ ಜಾಗವಂತೂ ವರ್ಷವಿಡೀ ಓಡಾಡುತ್ತದೆ. ಇಲ್ಲಿ ಅದು ಜೂನ್‌ನಲ್ಲಿ ಪಶ್ಚಿಮದಿಂದ 24 ಡಿಗ್ರಿ ಉತ್ತರಕ್ಕೆ, ಡಿಸೆಂಬರಿನಲ್ಲಿ 24 ಡಿಗ್ರಿ ದಕ್ಷಿಣಕ್ಕೆ. ಗವಿಪುರಕ್ಕೆ ಬೆಳಕು ಬೀಳುವ ಜನವರಿ ಸಂಜೆ ಅದು 22 ಡಿಗ್ರಿ ದಕ್ಷಿಣದಲ್ಲಿರುತ್ತದೆ. ಆ ದಿನ ಮುಳುಗುವ ಸೂರ್ಯನನ್ನು ನೋಡಿ ಹೊಸ ಮನೆಯಲ್ಲಿ ಮುಸಲ್ಲ ಹಾಸಿದರೆ 40 ಡಿಗ್ರಿ ಹೋಯಿತು. ಮೊಬೈಲಿನ ದಿಕ್ಸೂಚಿಯೂ ಕಬ್ಬಿಣದ ಕಪಾಟಿನ ಪಕ್ಕ ಇಟ್ಟರೆ ಸುಳ್ಳು ಹೇಳುತ್ತದೆ. ನೆರಳು ಸುಳ್ಳು ಹೇಳುವುದಿಲ್ಲ.

ಈ ಲೆಕ್ಕಗಳನ್ನು ಮುಸ್ಲಿಮರು ಬೇರೆಯವರಿಂದ ಈಗ ಕಲಿಯಬೇಕಾದ ಸ್ಥಿತಿ ಇದೆಯಲ್ಲ, ಅದೇ ಬೇಸರ. 8ನೇ ಶತಮಾನದ ಬಗ್ದಾದಿನಲ್ಲಿ ಖಲೀಫಾ ಮನ್ಸೂರರ ಕಾಲದಲ್ಲಿ ಭಾರತದ ಬ್ರಹ್ಮಗುಪ್ತನ ಖಗೋಳ ಗ್ರಂಥವನ್ನು ಅರಬಿಗೆ ತಂದರು. ಕಲಿಯುವುದಕ್ಕೆ ಅವರಿಗೆ ನಾಚಿಕೆ ಇರಲಿಲ್ಲ. ಅಲ್ ಬಿರೂನಿ 1025ರಲ್ಲಿ ಮುಗಿಸಿದ ಗ್ರಂಥದ ಒಂದು ಉದ್ದೇಶವೇ ಗಝ್ನಿ ಪಟ್ಟಣದ ಕಿಬ್ಲಾವನ್ನು ಸರಿಯಾಗಿ ಗೊತ್ತುಮಾಡುವುದು. ಅದಕ್ಕಾಗಿ ಊರುಗಳ ಅಕ್ಷಾಂಶ ರೇಖಾಂಶಗಳನ್ನು ಒಂದೊಂದಾಗಿ ಅಳೆಯುತ್ತಾ ಹೋದರು. ಪಂಜಾಬಿನ ನಂದನ ಕೋಟೆಯ ಹತ್ತಿರದ ಬೆಟ್ಟದ ಮೇಲೆ ನಿಂತು ದಿಗಂತ ಎಷ್ಟು ಕೆಳಗೆ ಬಾಗುತ್ತದೆ ಅಂತ ನೋಡಿ ಭೂಮಿಯ ಗಾತ್ರವನ್ನೇ ಲೆಕ್ಕ ಹಾಕಿದವರು ಅವರು.

ದೊಡ್ಡ ಮಸೀದಿಗಳಲ್ಲಿ ಮುಅಝ್ಝಿನ್ ಇದ್ದ ಹಾಗೆ ಮುವಕ್ಕಿತ್ ಎಂಬ ಹುದ್ದೆಯೂ ಇತ್ತು. ಅವರ ಕೆಲಸ ಆಕಾಶ ನೋಡಿ ಸಮಯ ಹೇಳುವುದು. 14ನೇ ಶತಮಾನದಲ್ಲಿ ಡಮಾಸ್ಕಸ್‌ನ ಉಮವಿ ಮಸೀದಿಯ ಮುವಕ್ಕಿತ್ ಆಗಿದ್ದವರು ಇಬ್ನುಶ್ಶಾತಿರ್. ಚಂದ್ರನ ಚಲನೆಗೆ ಅವರು ಮಾಡಿದ ಲೆಕ್ಕದ ಮಾದರಿಯೇ ಸುಮಾರು ಒಂದೂವರೆ ಶತಮಾನದ ನಂತರ ಕೋಪರ್ನಿಕಸ್‌ನ ಬರಹದಲ್ಲೂ ಕಾಣಿಸುತ್ತದೆ. ಅದು ಅಲ್ಲಿಗೆ ತಲುಪಿದ ದಾರಿ ಯಾವುದು ಎಂಬುದರ ಮೇಲೆ ವಿದ್ವಾಂಸರು ಇನ್ನೂ ಚರ್ಚೆ ಮಾಡುತ್ತಿದ್ದಾರೆ. ಅದೇ ಕಾಲಕ್ಕೆ ಅದೇ ಊರಲ್ಲಿ ಮುಖ್ಯ ಕಾಝಿಯಾಗಿದ್ದವರು ನಮ್ಮ ಶಾಫಿಈ ಮದ್ಹಬಿನ ಇಮಾಂ ತಖಿಯುದ್ದೀನ್ ಸುಬ್ಕಿ. ಚಂದ್ರ ಕಾಣಲು ಸಾಧ್ಯವೇ ಇಲ್ಲ ಎಂದು ಲೆಕ್ಕ ಖಚಿತವಾಗಿ ಹೇಳುವ ಸಂಜೆ ಯಾರಾದರೂ ‘ನಾನು ಕಂಡೆ’ ಅಂದರೆ ಆ ಸಾಕ್ಷ್ಯವನ್ನು ತೆಗೆದುಕೊಳ್ಳಬಾರದು ಅನ್ನುವುದು ಅವರ ಅಭಿಪ್ರಾಯ. ಇದಕ್ಕೆ ಒಪ್ಪದ ಉಲಮಾಗಳೂ ಇದ್ದರು, ಇದ್ದಾರೆ. ಆದರೆ ಲೆಕ್ಕದ ಮಾತು ಹೊಸಬರು ತಂದದ್ದು ಅನ್ನುವಂತಿಲ್ಲ.

ಚಂದ್ರನ ವಿಷಯ ಬಂತು, ಬಿಡುವ ಹಾಗಿಲ್ಲ. ಪ್ರತಿ ವರ್ಷ ಅಲ್ಲದಿದ್ದರೂ ಆಗಾಗ ಹೀಗಾಗುತ್ತದೆ: ಊರಲ್ಲಿ ಪೆರ್ನಾಲ್, ಬೆಂಗಳೂರಲ್ಲಿ 30ನೇ ನೋಂಬು. ಊರಿಂದ ಉಮ್ಮನ ಫೋನ್ ಬರುತ್ತದೆ, ಇಲ್ಲಿ ಮಗಳ ಮನೆಯಲ್ಲಿ ನೋಂಬು. ಒಂದೇ ಮನೆಯಲ್ಲಿ ಅಣ್ಣ ಊರಿನ ಕಾಝಿಯ ಮಾತಿಗೆ, ತಮ್ಮ ಇಲ್ಲಿನ ಹಿಲಾಲ್ ಕಮಿಟಿಯ ಮಾತಿಗೆ. ‘ಉಸ್ತಾದ್, ಅಲ್ಲಿನ ಚಂದ್ರ ಬೇರೆಯಾ?’ ಅಂತ ಮಕ್ಕಳು ಕೇಳುತ್ತಾರೆ.

ಬೇರೆ ಅಲ್ಲ. ಚಂದ್ರ ಆಕಾಶದಲ್ಲಿ ಸೂರ್ಯನಿಂದ ಗಂಟೆಗೆ ಸುಮಾರು ಅರ್ಧ ಡಿಗ್ರಿ ದೂರ ಸರಿಯುತ್ತಾನೆ, ಅಂದರೆ ತನ್ನದೇ ಅಗಲದಷ್ಟು. ಬೆಂಗಳೂರಲ್ಲಿ ಸೂರ್ಯ ಮುಳುಗಿ ಮಂಗಳೂರಲ್ಲಿ ಮುಳುಗುವ ಹೊತ್ತಿಗೆ ಆಗುವುದು 11 ನಿಮಿಷ. ಅಷ್ಟರಲ್ಲಿ ಚಂದ್ರ ಸರಿಯುವುದು ತನ್ನ ಅಗಲದ ಐದನೇ ಒಂದು ಪಾಲು. ಇಷ್ಟು ಸಣ್ಣ ವ್ಯತ್ಯಾಸದಿಂದ ಒಂದು ಕಡೆ ಹಿಲಾಲ್ ಚೆನ್ನಾಗಿ ಕಂಡು ಇನ್ನೊಂದು ಕಡೆ ಸಾಧ್ಯವೇ ಇಲ್ಲ ಅನ್ನುವಂತೆ ಆಗುವುದು ಬಹಳ ಅಪರೂಪ. ವ್ಯತ್ಯಾಸ ಬರುವುದು ಹೆಚ್ಚಾಗಿ ಬೇರೆ ಕಡೆಯಿಂದ. ಕರಾವಳಿಯಲ್ಲಿ ಪಶ್ಚಿಮಕ್ಕೆ ಸಮುದ್ರ, ದಿಗಂತದವರೆಗೂ ಅಡ್ಡಿ ಇಲ್ಲ. ಇಲ್ಲಿ ಕಟ್ಟಡ, ಧೂಳು, ಬೀದಿದೀಪ. ಒಮ್ಮೆ ಇಲ್ಲಿ ಮೋಡ, ಒಮ್ಮೆ ಅಲ್ಲಿ ಮೋಡ. ಎಲ್ಲಕ್ಕಿಂತ ಹೆಚ್ಚಾಗಿ, ಎಲ್ಲಿಯ ಸಾಕ್ಷ್ಯವನ್ನು ಎಲ್ಲಿಯವರೆಗೆ ಒಪ್ಪಬೇಕು ಅನ್ನುವ ಫಿಕ್ಹಿನ ಪ್ರಶ್ನೆ. ಅದು ಕಾಝಿಗಳ ಕೆಲಸ, ನಾವು ಇಲ್ಲಿ ತೀರ್ಪು ಕೊಡುವುದಿಲ್ಲ. ಆಕಾಶವನ್ನು ಸಾಕ್ಷಿಗೆ ಎಳೆದು ಒಬ್ಬರನ್ನೊಬ್ಬರು ಬೈಯುವುದು ಬೇಡ, ಅಷ್ಟೇ ನಮ್ಮ ಮಾತು. ಆಕಾಶ ಇಬ್ಬರ ಪರವಾಗಿಯೂ ಹೆಚ್ಚೇನೂ ಹೇಳುತ್ತಿಲ್ಲ.

ಅಂದ ಹಾಗೆ, ಹಸಿರು ಬಾವುಟದಲ್ಲಿ ಬರೆಯುವಂತೆ ನಮ್ಮಲ್ಲಿ ಹಿಲಾಲ್ ನೆಟ್ಟಗೆ ನಿಂತಿರುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಅದು ಸಮುದ್ರದ ಮೇಲಿನ ದೋಣಿಯ ಹಾಗೆ ಮಲಗಿರುತ್ತದೆ. ಭೂಮಧ್ಯರೇಖೆಗೆ ಹತ್ತಿರ ಇರುವವರ ಭಾಗ್ಯ ಅದು. ಮಕ್ಕಳನ್ನು ನೋಡಲು ಕಳಿಸುವಾಗ ದೋಣಿ ಹುಡುಕಿ ಅಂತಲೇ ಹೇಳಿ.

ಗವಿಪುರದ ಲೆಕ್ಕದಲ್ಲಿ ಇನ್ನೊಂದು ಮಾತು ಉಳಿದಿದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ, ಸಂಕ್ರಾಂತಿ ಇರುವುದು ಜನವರಿ 14ಕ್ಕೆ. ಹಿಂದೆ ಎರಡೂ ಒಟ್ಟಿಗೆ ಇದ್ದವು. ಭೂಮಿ ಬುಗುರಿಯಂತೆ ನಿಧಾನಕ್ಕೆ ತಲೆದೂಗುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ದೂರ ಸರಿಯುತ್ತಾ ಈಗ 24 ದಿನದ ಅಂತರ ಆಗಿದೆ. ನಮ್ಮ ಹಿಜರಿ ವರ್ಷದ ಓಟ ಇದಕ್ಕಿಂತ ಬಹಳ ಚುರುಕು, ವರ್ಷಕ್ಕೆ 11 ದಿನ ಹಿಂದೆ ಬರುತ್ತದೆ. 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ, ಹೀಗೆ ಒಂದೇ ಇಸವಿಯಲ್ಲಿ ಎರಡು ಸಲ ರಮಝಾನ್ ಶುರುವಾಗುತ್ತದೆ. ಇಬಾದತ್ತಿಗೆ ಇದು ಚೆನ್ನ. ಮಳೆ, ಚಳಿ, ಸೆಕೆ ಎಲ್ಲದರಲ್ಲೂ ನೋಂಬು ಸಿಗುತ್ತದೆ. ಆದರೆ ಕಂದಾಯಕ್ಕೆ? ಭತ್ತ ಚಂದ್ರನನ್ನು ನೋಡಿ ತೆನೆ ಬಿಡುವುದಿಲ್ಲ. ಈ ತೊಡಕು ಟಿಪ್ಪು ಸುಲ್ತಾನರಿಗೆ ಗೊತ್ತಿತ್ತು. 1787ರ ಸುಮಾರಿಗೆ ಅವರು ಮೌಲೂದಿ ಎಂಬ ಹೊಸ ಶಕೆ ತಂದರು. ಅದರ ತಿಂಗಳು ಚಂದ್ರನದ್ದೇ, ಆದರೆ ನಮ್ಮ ನಾಡಿನ ಪಂಚಾಂಗದ ಹಾಗೆ ಅಧಿಕ ಮಾಸ ಸೇರಿಸಿ ಋತುವಿನ ಜೊತೆ ಹೊಂದಿಸಿದ್ದು. 60 ಸಂವತ್ಸರಗಳ ಚಕ್ರವನ್ನೂ ಬಿಡಲಿಲ್ಲ, ಅದಕ್ಕೆ ಬೇರೆ ಹೆಸರು ಕೊಟ್ಟರು. ಅವರ ನಾಣ್ಯಗಳಲ್ಲಿ ಈ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದಿರುವುದನ್ನು ನೋಡಬಹುದು. ಅವರ ಪುಸ್ತಕ ಭಂಡಾರವನ್ನು ಇಂಗ್ಲಿಷರು ಒಯ್ದ ಮೇಲೆ ಚಾರ್ಲ್ಸ್ ಸ್ಟೀವರ್ಟ್ 1809ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಖಗೋಳಕ್ಕೇ ಒಂದು ವಿಭಾಗ ಇದೆ. ಚಾಮರಾಜಪೇಟೆಯ ಹತ್ತಿರದ ಬೇಸಿಗೆ ಅರಮನೆಗೆ ಮಕ್ಕಳನ್ನು ಕರೆದೊಯ್ದು ಬರೀ ಕತ್ತಿಯ ಕಥೆ ಹೇಳಿ ವಾಪಸು ಬರುತ್ತೇವಲ್ಲ, ಈ ಕಥೆಯನ್ನೂ ಹೇಳಬಹುದು.

ಬಸವನಗುಡಿಗೆ ಇನ್ನೂ ಒಂದು ಋಣ ಇದೆ. ಅಲ್ಲಿನ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಆರಂಭಿಸಿದರು. ಯಾರು ಬೇಕಾದರೂ ಹೋಗಿ ಕೂತು ವಿಜ್ಞಾನಿಗಳ ಮಾತು ಕೇಳಬಹುದಾದ ಜಾಗ ಅದು. ಅದೇ ಕಾಲೇಜಿನ ಗಣಿತದ ಮೇಷ್ಟ್ರು ಎಸ್. ಬಾಲಚಂದ್ರ ರಾವ್ ಭಾರತೀಯ ಖಗೋಳದ ಹಳೆಯ ಲೆಕ್ಕಗಳನ್ನು ಸಾಮಾನ್ಯರಿಗೆ ತಿಳಿಯುವಂತೆ ಬರೆದರು. 1980ರ ಫೆಬ್ರವರಿ 16ರಂದು ಕಾರವಾರ, ಹುಬ್ಬಳ್ಳಿ, ರಾಯಚೂರಿನ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋದಾಗ ಬೀದಿಗಳು ಖಾಲಿ, ಬಾಗಿಲುಗಳು ಮುಚ್ಚಿ. ಮುಸ್ಲಿಂ ಮನೆಗಳೂ ಇದಕ್ಕೆ ಹೊರತಾಗಿರಲಿಲ್ಲ. ಬಸುರಿಯರು ಕತ್ತರಿ ಮುಟ್ಟಬಾರದು ಅನ್ನುವ ಮಾತು ನಮ್ಮ ಮನೆಗಳಲ್ಲೂ ಇದೆ. ಅದು ದೀನಿನಿಂದ ಬಂದದ್ದಲ್ಲ. ಪ್ರವಾದಿಯವರ (ಸ) ಮಗು ಇಬ್ರಾಹೀಂ ತೀರಿಕೊಂಡ ದಿನವೇ ಗ್ರಹಣ ಹಿಡಿದಾಗ, ಮಗುವಿನ ಸಾವಿಗೇ ಸೂರ್ಯ ಕಪ್ಪಾದ ಅಂತ ಜನ ಆಡಿಕೊಂಡರು. ಯಾರ ಸಾವಿಗೂ, ಯಾರ ಹುಟ್ಟಿಗೂ ಗ್ರಹಣ ಹಿಡಿಯುವುದಿಲ್ಲ ಎಂದು ಪ್ರವಾದಿಯವರು ಅಂದೇ ತಿದ್ದಿದರು. ಮಗುವನ್ನು ಕಳೆದುಕೊಂಡ ದಿನ, ನೆನಪಿರಲಿ. ಖಗೋಳದ ಲೆಕ್ಕ ಹಿಂದಕ್ಕೆ ಹಾಕಿದರೆ ಆ ಗ್ರಹಣ ಕ್ರಿ.ಶ. 632ರ ಜನವರಿ 27ಕ್ಕೆ ಬರುತ್ತದೆ. 2019ರ ಡಿಸೆಂಬರ್ 26ರ ಬೆಳಗ್ಗೆ ಕಾಸರಗೋಡು, ಮಂಗಳೂರು ಭಾಗದಲ್ಲಿ ಸೂರ್ಯ ಉಂಗುರದಂತೆ ಕಂಡದ್ದು ಹಲವರಿಗೆ ನೆನಪಿರಬೇಕು.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ವೇಣು ಬಾಪು ಅವರ ಕಥೆಯಲ್ಲೂ ನಮ್ಮವರೊಬ್ಬರು ಬರುತ್ತಾರೆ. ಹೈದರಾಬಾದಿನ ನವಾಬ್ ಝಫರ್ ಜಂಗ್ ಸ್ವಂತ ಹಣದಿಂದ 15 ಅಂಗುಲದ ದೂರದರ್ಶಕ ತರಿಸಿ 1901ರಲ್ಲಿ ನಿಝಾಮಿಯಾ ವೀಕ್ಷಣಾಲಯಕ್ಕೆ ಅಡಿಪಾಯ ಹಾಕಿದರು. ಬಾಪು ಅವರ ತಂದೆ ಕೆಲಸಕ್ಕಿದ್ದದ್ದು ಅಲ್ಲಿಯೇ, ಹುಡುಗ ಆಕಾಶ ನೋಡಿ ಬೆಳೆದದ್ದೂ ಅಲ್ಲಿಯೇ. ಮುಂದೆ ಹೈದರಾಬಾದ್ ಸರಕಾರದ ವಿದ್ಯಾರ್ಥಿವೇತನದಲ್ಲಿ ಹಾರ್ವರ್ಡ್‌ಗೆ ಹೋಗಿ 1949ರಲ್ಲಿ ಒಂದು ಧೂಮಕೇತುವನ್ನು ಕಂಡುಹಿಡಿದರು. ನಮ್ಮ ಸಮುದಾಯದಲ್ಲಿ ಹಣ ಇರುವವರು ಹಾಲ್ ಕಟ್ಟಿಸುತ್ತಾರೆ, ಮಸೀದಿಗೆ ಎಸಿ ಹಾಕಿಸುತ್ತಾರೆ, ಒಳ್ಳೆಯದೇ. ಒಂದು ಮದ್ರಸಕ್ಕೆ ಒಂದು ಸಣ್ಣ ದೂರದರ್ಶಕ ಕೊಡಿಸುವವರೂ ಬೇಕು. ಹುಡುಗಿಯರಿಗೂ ಅದರಲ್ಲಿ ಕಣ್ಣಿಟ್ಟು ನೋಡಲು ಬಿಡಬೇಕು.

ದೂರದರ್ಶಕ ಇಲ್ಲದೆಯೂ ನೋಡುವುದು ಬಹಳ ಇದೆ. ಫೆಬ್ರವರಿ ನಡುವಿನ ಒಂದು ರಾತ್ರಿ 9 ಗಂಟೆಗೆ ತಾರಸಿ ಹತ್ತಿ ದಕ್ಷಿಣಕ್ಕೆ ತಿರುಗಿ ನಿಲ್ಲಿ. ಮೇಲೆ, ನೆತ್ತಿಗೂ ದಿಗಂತಕ್ಕೂ ನಡುವೆ ಸ್ವಲ್ಪ ಮೇಲಕ್ಕೆ, ಎಲ್ಲಕ್ಕಿಂತ ಹೆಚ್ಚು ಹೊಳೆಯುವ ನಕ್ಷತ್ರ ಕನ್ನಡದಲ್ಲಿ ಲುಬ್ಧಕ. ಅರಬಿಯಲ್ಲಿ ಶಿಅರಾ, ಕುರ್‌ಆನಿನ ಅನ್ನಜ್ಮ್ ಅಧ್ಯಾಯದಲ್ಲಿ ಹೆಸರು ಬಂದಿರುವ ನಕ್ಷತ್ರ. ಪಶ್ಚಿಮದ ಕಡೆಗೆ ಸಣ್ಣ ಗೊಂಚಲಿನಂತೆ ಕಾಣುವುದು ಕೃತ್ತಿಕೆ, ಅದೇ ಸುರಯ್ಯಾ. ಅದರ ಹತ್ತಿರದ ಕೆಂಪು ರೋಹಿಣಿ, ಇಂಗ್ಲಿಷರೂ ಅರಬಿ ಹೆಸರಿನಿಂದಲೇ ಅಲ್ದೆಬರಾನ್ ಅನ್ನುತ್ತಾರೆ. ಈಗ ಶಿಅರಾದಿಂದ ನೇರ ಕೆಳಗೆ ಬನ್ನಿ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ, ದಿಗಂತದಿಂದ ಎರಡೂವರೆ ಮುಷ್ಟಿ ಮೇಲೆ ಒಂಟಿಯಾಗಿ ಹೊಳೆಯುತ್ತಿರುತ್ತದೆ ಅಗಸ್ತ್ಯ. ಆಕಾಶದಲ್ಲಿ ಎರಡನೇ ಅತಿ ಪ್ರಕಾಶದ ನಕ್ಷತ್ರ. ಲಂಡನ್ನಿನಲ್ಲಿ ಇರುವವರಿಗೆ ಅದು ಕಾಣುವುದೇ ಇಲ್ಲ, ನಮಗೆ ಕಾಣುತ್ತದೆ. ಅರಬಿಯಲ್ಲಿ ಅದರ ಹೆಸರು ಸುಹೈಲ್. ಮನೆಯಲ್ಲಿ ಆ ಹೆಸರಿನ ಹುಡುಗ ಇದ್ದರೆ ಕರೆದು ತೋರಿಸಿ.